ಸೆರಾಮಿಕ್ ಕಪ್, ಬಟ್ಟಲಿಗೆ ಯಾವ ಥರದ ಫೋಟೊ? ಬಿಳಿ ಹಿನ್ನೆಲೆಯೋ, ಮೇಜಿನ ಮೇಲೆ ಇಟ್ಟದ್ದೋ?

ತಿಗರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮತ್ತು ನನ್ನ ಅಕ್ಕ ಕೈಯಿಂದಲೇ ಸೆರಾಮಿಕ್ ಸಾಮಾನು ಮಾಡುತ್ತೇವೆ. ಕಪ್, ಬಟ್ಟಲು, ತಟ್ಟೆ, ಸಣ್ಣ ಹೂದಾನಿ. ಇಲ್ಲಿಯವರೆಗೆ ಗೊತ್ತಿದ್ದವರಿಗೆ, ಅವರ ಕಡೆಯವರಿಗೆ ಮಾರಿಕೊಂಡು ಬಂದೆವು. ಅವರೆಲ್ಲ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ತೆಗೆದುಕೊಂಡವರು. ಫೋಟೊ ಯಾರಿಗೂ ಬೇಕಿರಲಿಲ್ಲ. ಈಗ ಸ್ವಂತ ವೆಬ್‌ಸೈಟ್ ಆಗುತ್ತಿದೆ, ಆಮೇಲೆ ಅಮೆಜಾನ್‌ಗೂ ಹಾಕಬೇಕು ಅಂತಿದ್ದೇವೆ. ಒಟ್ಟು 46 ಸಾಮಾನು. ಪ್ರತಿ ಎರಡು ತಿಂಗಳಿಗೆ ಏನಾದರೂ ಹೊಸದು ಸೇರುತ್ತಲೇ ಇರುತ್ತದೆ.

ಆರು ತಿಂಗಳ ಹಿಂದೆ ಪರೀಕ್ಷೆಗೆ ಅಂತ 8 ಸಾಮಾನಿನ ಫೋಟೊ ತೆಗೆಸಿದ್ದೆವು. ತೆಗೆದವರು ಒಳ್ಳೆ ಕೆಲಸಗಾರರೇ, ಅದರಲ್ಲಿ ಎರಡು ಮಾತಿಲ್ಲ. ಕಪ್ಪಗಿನ ಹಿನ್ನೆಲೆ, ಹಳೆ ಮರದ ಹಲಗೆ, ಪಕ್ಕದಲ್ಲಿ ಒಣಗಿದ ಹೂವು, ಒಂದು ಕಡೆಯಿಂದ ಮಾತ್ರ ಬೆಳಕು. ನೋಡಿದವರೆಲ್ಲ ಆಹಾ ಅಂದರು. ಆ ಫೋಟೊ ನೋಡಿಯೇ ಕೆಲವರು ಆರ್ಡರ್ ಮಾಡಿದರು, ಮತ್ತೆ ಅವರಲ್ಲಿ ಮೂರು ಜನ ವಾಪಸ್ ಕಳಿಸಿದರು. ಇಬ್ಬರದು ಬಣ್ಣದ ತಕರಾರು. ನಮ್ಮ ಹಸಿರು-ನೀಲಿ ಗ್ಲೇಜು (ಮಣ್ಣಿನ ಮೇಲೆ ಸುಟ್ಟು ಕೂರಿಸುವ ಗಾಜಿನಂಥ ಲೇಪ) ಫೋಟೊದಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಇನ್ನೊಬ್ಬರು, ನಾನು ದೊಡ್ಡ ಹೂದಾನಿ ಅಂದುಕೊಂಡಿದ್ದೆ, ಇದು ಪೆನ್ನು ಇಡುವಷ್ಟೂ ಇಲ್ಲವಲ್ಲ ಅಂತ ಬರೆದರು. ತಪ್ಪು ಅವರದಲ್ಲ. ಪಕ್ಕದಲ್ಲಿದ್ದ ಹೂವೂ ಸಣ್ಣದೇ, ಹಾಗಾಗಿ ಹೂದಾನಿ ದೊಡ್ಡದಾಗಿ ಕಂಡಿದೆ.

ಈಗ ಅಕ್ಕ ಹೇಳುತ್ತಾಳೆ, ಎಲ್ಲವನ್ನೂ ಬಿಳಿ ಹಿನ್ನೆಲೆಯಲ್ಲಿ ತೆಗೆಸು, ಕಥೆ ಮುಗಿಯಲಿ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ. ಕೈಕೆಲಸದ ಕಪ್ಪನ್ನು ಬಿಳಿಯಲ್ಲಿ ಕತ್ತರಿಸಿ ಇಟ್ಟರೆ ಫ್ಯಾಕ್ಟರಿ ಮಾಲಿನ ಹಾಗೆ ಕಾಣುತ್ತದೆ. ಇನ್ನು ಕೆಲವರು ಮೇಲಿಂದ ತೆಗೆಯುವ ಫ್ಲಾಟ್ ಲೇ ಮಾಡಿಸಿ ಅನ್ನುತ್ತಾರೆ, ಮತ್ತೆ ಕೆಲವರು 360 ಡಿಗ್ರಿ ತಿರುಗುವ ಫೋಟೊ ಅನ್ನುತ್ತಾರೆ. ಒಂದು ಸ್ಟೈಲ್ ಹಿಡಿದರೆ ಮುಂದೆ ಅದನ್ನೇ ನಡೆಸಿಕೊಂಡು ಹೋಗಬೇಕು ಅಲ್ವಾ, ಅದಕ್ಕೇ ಭಯ. ನಮ್ಮ ಹತ್ತಿರ ಒಂದು ಹಳೆ ಡಿಎಸ್ಎಲ್ಆರ್ ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಲೆನ್ಸ್ (18 ಅಂದರೆ ಅಗಲ ನೋಟ, 55 ಅಂದರೆ ಹತ್ತಿರ ಎಳೆದ ನೋಟ) ಇದೆ, ಒಂದು ಟ್ರೈಪಾಡ್ ಇದೆ. ಮಾಡಿದವರು ಹೇಳಿ, ಹೇಗೆ ತೀರ್ಮಾನ ಮಾಡಿದಿರಿ?

ಹಳೇಸ್ಟುಡಿಯೊ

ಕ್ಯಾಟಲಾಗ್ ಫೋಟೊ ತೆಗೆಯುವುದೇ ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳುತ್ತೇನೆ. ನಿಮ್ಮ ಅಕ್ಕ ಹೇಳಿದ್ದು ಸರಿ.

ಅಮೆಜಾನ್‌ಗೆ ಹಾಕುತ್ತೀರಿ ಅಂದರೆ ಮೊದಲನೇ ಫೋಟೊದ ವಿಷಯದಲ್ಲಿ ಆಯ್ಕೆಯೇ ಇಲ್ಲ. ಮುಖ್ಯ ಫೋಟೊ ಶುದ್ಧ ಬಿಳಿ ಹಿನ್ನೆಲೆಯಲ್ಲಿ ಇರಬೇಕು, ಅಂದರೆ ಆರ್‌ಜಿಬಿ 255, 255, 255 (ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ). ಸಾಮಾನು ಚೌಕಟ್ಟಿನ 85% ತುಂಬಿರಬೇಕು. ಮೇಲೆ ಅಕ್ಷರ, ಲೋಗೊ, ವಾಟರ್‌ಮಾರ್ಕ್ ಯಾವುದೂ ಇರಬಾರದು. ಉದ್ದದ ಬದಿ 1000 ಪಿಕ್ಸೆಲ್ ದಾಟಿದ್ದರೆ ಗಿರಾಕಿ ಜೂಮ್ ಮಾಡಿ ನೋಡಬಹುದು. ನಿಮ್ಮ ಹಲಗೆ, ಒಣ ಹೂವು ಎಲ್ಲ ಎರಡನೇ ಫೋಟೊದಿಂದ ಮುಂದಕ್ಕೆ.

ನಿಮ್ಮ ಹಿಂದಿನ ಫೋಟೊದ ಕಥೆ ಕೇಳಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯಿತು. ಮೂಡ್ ಬಂತು, ಬಣ್ಣ ಮತ್ತು ಅಳತೆ ಬರಲಿಲ್ಲ. ಫೋಟೊಗ್ರಫಿ ಹುಟ್ಟಿದ ಹೊಸತರಲ್ಲೇ, 1840ರ ದಶಕದಲ್ಲಿ, ಅದನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಹೆನ್ರಿ ಫಾಕ್ಸ್ ಟಾಲ್ಬಟ್ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ಪಿಂಗಾಣಿ ಸಾಮಾನಿನ ಫೋಟೊ ತೆಗೆದ. ಒಂದೊಂದರ ವಿವರ ಬರೆದಿಡುವುದಕ್ಕಿಂತ ಒಂದು ಫೋಟೊ ಸಾಕು, ಕಳ್ಳತನವಾದರೆ ಸಾಕ್ಷಿಗೂ ಆಗುತ್ತದೆ ಅನ್ನುವುದು ಅವನ ವಾದ. ನಾನು ಇವತ್ತಿಗೂ ಕ್ಯಾಟಲಾಗ್ ಫೋಟೊವನ್ನು ಹಾಗೇ ನೋಡುತ್ತೇನೆ. ಅದು ಸಾಕ್ಷಿ ಹೇಳಬೇಕು. ಹಾಡು ಹೇಳಬೇಕಾಗಿಲ್ಲ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿ ಹಿನ್ನೆಲೆ ಅಂದರೆ ಸುಲಭ ಅಂದುಕೊಂಡು ಬಹಳ ಜನ ಕೆಡುತ್ತಾರೆ. ಒಂದು ಬಿಳಿ ಹಾಳೆ ಹಿಂದೆ ಇಟ್ಟು ತೆಗೆದರೆ ಅದು ಬೂದು ಬಣ್ಣಕ್ಕೆ ಬರುತ್ತದೆ. ಯಾಕೆಂದರೆ ಬೆಳಕು ದೂರ ಹೋದಷ್ಟೂ ಬೇಗ ಕುಗ್ಗುತ್ತದೆ, ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಿಂದಿನ ಹಾಳೆಗೆ ಬೇರೆಯೇ ದೀಪ ಕೊಡಬೇಕು, ಸಾಮಾನನ್ನು ಅದರಿಂದ ಒಂದು ಮೀಟರ್‌ನಷ್ಟಾದರೂ ಮುಂದೆ ಇಡಬೇಕು. ಆಮೇಲೆ ಇನ್ನೊಂದು ತಪ್ಪು ಮಾಡುತ್ತಾರೆ. ಹಿಂದಿನ ದೀಪ ಜಾಸ್ತಿ ಮಾಡಿಬಿಡುತ್ತಾರೆ, ಆಗ ಬೆಳಕು ಕಪ್ಪಿನ ಅಂಚನ್ನು ತಿಂದುಹಾಕುತ್ತದೆ. ಹಾಳೆ ಬಿಳಿ ಆಗುವಷ್ಟೇ ಕೊಡಿ, ಅಲ್ಲಿಗೆ ನಿಲ್ಲಿಸಿ.

ನಿಮ್ಮದು ಗ್ಲೇಜು ಸಾಮಾನು ಅಂದರೆ ಅರ್ಧ ಕನ್ನಡಿ. ದುಂಡಗಿನ ಕನ್ನಡಿ. ಕೋಣೆಯಲ್ಲಿ ಇರುವುದೆಲ್ಲ ಅದರ ಮೇಲೆ ಕಾಣುತ್ತದೆ, ನಿಮ್ಮ ಟ್ರೈಪಾಡ್, ನಿಮ್ಮ ಅಂಗಿ, ಬಾಗಿಲ ಹತ್ತಿರ ನಿಂತ ಅಕ್ಕ ಎಲ್ಲ. ಆ ಹೊಳಪನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅದಕ್ಕೆ ಒಳ್ಳೆ ಆಕಾರ ಕೊಡಿ, ಸಾಕು. ಸಣ್ಣ ಬಲ್ಬ್ ನೇರ ಬಿದ್ದರೆ ಗ್ಲೇಜಿನ ಮೇಲೆ ಒಂದು ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಅದೇ ಬೆಳಕಿನ ಮುಂದೆ ದೊಡ್ಡ ಡಿಫ್ಯೂಸರ್ ಬಟ್ಟೆ (ಬೆಳಕನ್ನು ಹರಡುವ ತೆಳು ಬಿಳಿ ಬಟ್ಟೆ) ಹಿಡಿದರೆ ಆ ಚುಕ್ಕೆ ಮೃದುವಾದ ಉದ್ದ ಪಟ್ಟೆಯಾಗುತ್ತದೆ, ಅದೇ ಕಪ್ಪಿನ ದುಂಡನ್ನು ತೋರಿಸುವುದು. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ ನೋಡಿ. ದುಂಡಗಿನ ಸಾಮಾನಿಗೆ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಪೂರ್ತಿ ಹೋದರಂತೂ ಗ್ಲೇಜು ಸತ್ತ ಹಾಗೆ ಕಾಣುತ್ತದೆ.

360 ಡಿಗ್ರಿ ಈಗ ಬೇಡ. ಒಂದು ಕಪ್ಪಿಗೆ 24 ಅಥವಾ 36 ಫೋಟೊ ಬೇಕು, ಅದನ್ನು 46ರಿಂದ ಗುಣಿಸಿ ನೋಡಿ. ಸುತ್ತಲೂ ಒಂದೇ ಥರ ಇರುವ ಕಪ್ಪನ್ನು ತಿರುಗಿಸಿ ತೋರಿಸುವುದರಲ್ಲಿ ಏನಿದೆ?

ಕಿಟಕಿಪಕ್ಕ

ನಾನು ಫೋಟೊಗ್ರಾಫರ್ ಅಲ್ಲ. ಚರ್ಮದ ಪರ್ಸು, ಬ್ಯಾಗು ಮಾಡಿ ಮಾರುವವನು, ನಿಮ್ಮ ದೋಣಿಯಲ್ಲೇ ಇದ್ದೇನೆ. ಹಳೇಸ್ಟುಡಿಯೊ ಅವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಜಗಳ.

ನಾನು ಮೊದಲ ವರ್ಷ ಪೂರ್ತಿ ಬಿಳಿಯಲ್ಲೇ ಹಾಕಿದ್ದೆ. ಅಚ್ಚುಕಟ್ಟಾಗಿತ್ತು. ಆದರೆ ಜನ ಬರೆದು ಕೇಳುತ್ತಿದ್ದರು: ಇದರಲ್ಲಿ ಫೋನ್ ಹಿಡಿಯುತ್ತದಾ, ಜೇಬಿಗೆ ಹೋಗುತ್ತದಾ, ಹೆಗಲಿಗೆ ಹಾಕಿದರೆ ಎಲ್ಲಿಗೆ ಬರುತ್ತದೆ. ದಿನಾ ಅದೇ ಪ್ರಶ್ನೆ. ಒಂದು ದಿನ ಬೇಸತ್ತು ಆ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಅವಕ್ಕೆ ಉತ್ತರ ಕೊಡುವ ಫೋಟೊ ಮಾತ್ರ ತೆಗೆದೆ. ಬ್ಯಾಗು ಹೆಗಲ ಮೇಲೆ, ಪರ್ಸು ಅಂಗೈಯಲ್ಲಿ, ಬಾಯಿ ತೆರೆದು ಒಳಗೆ ಫೋನ್ ಇಟ್ಟದ್ದು. ಇವತ್ತಿಗೂ ನನ್ನ ಸ್ಟೈಲ್ ಅಂದರೆ ಅದೇ ಹಾಳೆ. ನೀವೂ ಸ್ಟೈಲ್‌ನಿಂದ ಶುರು ಮಾಡಬೇಡಿ, ನಿಮ್ಮ ಕಪ್ಪನ್ನು ಕೈಯಲ್ಲಿ ಹಿಡಿಯದ ಗಿರಾಕಿ ಏನು ಕೇಳುತ್ತಾನೋ ಅದರಿಂದ ಶುರು ಮಾಡಿ. ವಾಪಸ್ ಬಂದ ಮೂರು ಸಾಮಾನು ನಿಮಗೆ ಆಗಲೇ ಎರಡು ಪ್ರಶ್ನೆ ಹೇಳಿಕೊಟ್ಟಿವೆಯಲ್ಲ, ಬಣ್ಣ ಯಾವುದು, ಎಷ್ಟು ದೊಡ್ಡದು.

ಅಳತೆಗೆ ಕೈಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಪ್ಪಿನ ಹಿಡಿಯಲ್ಲಿ ಎರಡು ಬೆರಳು ಹೋಗುತ್ತದೋ ಮೂರೋ ಅನ್ನುವುದು ಕೈ ಇಟ್ಟ ತಕ್ಷಣ ಗೊತ್ತಾಗುತ್ತದೆ, ಎಷ್ಟು ಸೆಂಟಿಮೀಟರ್ ಅಂತ ಬರೆದರೂ ಅದು ತಲೆಗೆ ಹೋಗುವುದಿಲ್ಲ. ಬರೆಯಬೇಡಿ ಅಂತಲ್ಲ, ಬರೆಯಲೇಬೇಕು, ಕಪ್ಪಿಗೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅನ್ನುವುದನ್ನೂ.

ಬೆಳಕಿನ ವಿಷಯದಲ್ಲಿ ನನ್ನದು ಕಿಟಕಿ ಒಂದೇ. ಬಿಸಿಲು ನೇರ ಬೀಳದ ಕಿಟಕಿ, ಅದರ ಪಕ್ಕ ಮೇಜು, ಎದುರು ಬದಿಗೆ ಒಂದು ಬಿಳಿ ಥರ್ಮೊಕೋಲ್ ಹಲಗೆ. ಇಷ್ಟೇ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು, ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಸಂಜೆ ಬೆಳಕು ಸಾಲದು ಅಂತ ಮನೆಯ ಹಳದಿ ಬಲ್ಬನ್ನೂ ಹಾಕಿಬಿಟ್ಟೆ. ಕಂದು ಬಣ್ಣದ ಬ್ಯಾಗಿನ ಒಂದು ಬದಿ ನೀಲಿ ಛಾಯೆ, ಇನ್ನೊಂದು ಬದಿ ಕಿತ್ತಳೆ. ಕಂಪ್ಯೂಟರ್‌ನಲ್ಲಿ ಕೂತು ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಎರಡು ದಿನದ ಕೆಲಸ ನೀರುಪಾಲು. ಈಗ ಫೋಟೊ ತೆಗೆಯುವಾಗ ಮನೆಯ ದೀಪಗಳನ್ನೆಲ್ಲ ಆರಿಸುತ್ತೇನೆ, ಮನೆಯವರು ಬೈದರೂ ಸರಿ.

ಫ್ಲಾಟ್ ಲೇ ನಿಮ್ಮ ತಟ್ಟೆಗೆ ಚೆನ್ನ. ಕಪ್ಪಿಗೆ ಬೇಡವೇ ಬೇಡ. ಮೇಲಿಂದ ನೋಡಿದರೆ ಎಲ್ಲ ಕಪ್ಪೂ ಒಂದು ದುಂಡು ಸೊನ್ನೆ.

ತಿಗರಿ

ಇಬ್ಬರಿಗೂ ಥ್ಯಾಂಕ್ಸ್. ಆ ಪ್ರಶ್ನೆಗಳ ಹಾಳೆ ಇವತ್ತೇ ಬರೆದೆವು. ಬಣ್ಣ, ಅಳತೆ ಬಿಟ್ಟು ಇನ್ನೂ ಮೂರು ಬಂತು: ಒಳಗಡೆ ಹೇಗಿದೆ, ತಳ ಒರಟಾ ನುಣುಪಾ (ಮೇಜಿಗೆ ಗೀರು ಬೀಳುತ್ತದಾ ಅಂತ ಬಹಳ ಜನ ಕೇಳುತ್ತಾರೆ), ಒಂದಕ್ಕಿಂತ ಒಂದು ಎಷ್ಟು ಬೇರೆ ಇರುತ್ತದೆ.

ಎರಡು ಅನುಮಾನ ಉಳಿದಿದೆ. ನಮ್ಮಲ್ಲಿ 9 ಸಾಮಾನು ಬಿಳಿ ಗ್ಲೇಜಿನವು. ಬಿಳಿ ಹಿನ್ನೆಲೆಯಲ್ಲಿ ಬಿಳಿ ಬಟ್ಟಲು ಇಟ್ಟರೆ ಮಾಯ ಆಗುತ್ತದೆ. ನಿನ್ನೆ ಫೋನ್‌ನಲ್ಲಿ ಸುಮ್ನೆ ಒಂದು ತೆಗೆದು ನೋಡಿದೆ, ಬಟ್ಟಲಿನ ನೆರಳು ಮಾತ್ರ ಕಂಡಿತು. ಎರಡನೆಯದು, ಅದೇ ಫೋಟೊದಲ್ಲಿ ಬಟ್ಟಲಿನ ಬಾಯಿ ಬೂದುಗುಂಬಳದ ಹಾಗೆ ಊದಿಕೊಂಡಿತ್ತು, ತಳ ಎಲ್ಲೋ ಹೋಗಿತ್ತು. ನಾನು ಮಾಡಿದ ಬಟ್ಟಲು ಹಾಗಿಲ್ಲ!

ಹಳೇಸ್ಟುಡಿಯೊ

ಬಿಳಿ ಮೇಲೆ ಬಿಳಿಗೆ ಉಪಾಯ ಕಪ್ಪು ಬಣ್ಣ. ಬಟ್ಟಲಿನ ಎಡಕ್ಕೊಂದು ಬಲಕ್ಕೊಂದು ಕಪ್ಪು ರಟ್ಟು ನಿಲ್ಲಿಸಿ, ಫೋಟೊದ ಚೌಕಟ್ಟಿನಿಂದ ಸ್ವಲ್ಪವೇ ಆಚೆ. ಗ್ಲೇಜು ಕನ್ನಡಿ ಅಂದೆನಲ್ಲ, ಆ ರಟ್ಟಿನ ಕಪ್ಪು ಬಣ್ಣ ಬಟ್ಟಲಿನ ಎರಡೂ ಅಂಚಿನಲ್ಲಿ ಸಣ್ಣ ಗೆರೆಯಾಗಿ ಕಾಣುತ್ತದೆ. ಪೆನ್ಸಿಲ್‌ನಲ್ಲಿ ಬಟ್ಟಲು ಬರೆದ ಹಾಗೆ. ರಟ್ಟನ್ನು ಒಂದು ಇಂಚು ಆಚೀಚೆ ಜರುಗಿಸಿ ನೋಡಿ, ಗೆರೆ ದಪ್ಪ ಆಗುತ್ತದೆ, ತೆಳು ಆಗುತ್ತದೆ. ಗಾಜಿನ ಬಾಟಲಿಗೂ ನಾವು ಮಾಡುವುದು ಇದನ್ನೇ.

ಬಾಯಿ ಊದಿದ್ದು ಫೋನಿನ ಮುಖ್ಯ ಕ್ಯಾಮೆರಾ ವೈಡ್ ಆಗಿರುವುದರಿಂದ, ಹತ್ತಿರ ಹೋಗಿ ತೆಗೆದಿರಿ. ಹಿಂದೆ ಸರಿದು 2ಎಕ್ಸ್‌ನಲ್ಲಿ ತೆಗೆಯಿರಿ. ಡಿಎಸ್ಎಲ್ಆರ್‌ನಲ್ಲಾದರೆ ಲೆನ್ಸನ್ನು 50 ಅಥವಾ 55ಕ್ಕೆ ತಿರುಗಿಸಿ ಅಲ್ಲೇ ಬಿಡಿ, 18ರ ಕಡೆ ಮುಖ ಹಾಕಬೇಡಿ. ಎಫ್ 8 (ಲೆನ್ಸಿನ ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು), ಐಎಸ್ಒ 100 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು), ಟ್ರೈಪಾಡ್, 2 ಸೆಕೆಂಡ್ ಟೈಮರ್. ಎಲ್ಲ ಇನ್ನೂ ಚೂಪಾಗಲಿ ಅಂತ ಎಫ್ 22ಕ್ಕೆ ಹೋದರೆ ಉಲ್ಟಾ ಮೃದು ಆಗುತ್ತದೆ, ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಳ್ಳುತ್ತದೆ.

ಮತ್ತೆ ಎಲ್ಲಕ್ಕೂ ಒಂದೇ ಕೋನ ಇಡಬೇಡಿ. ಬಟ್ಟಲಿಗೆ ಒಳಗೆ ಕಾಣುವಷ್ಟು ಮೇಲಿನಿಂದ, ಸುಮಾರು 45 ಡಿಗ್ರಿ. ಕಪ್ಪಿಗೆ ಅದಕ್ಕಿಂತ ಕೆಳಗೆ, ಬಾಯಿ ತೆಳುವಾದ ಮೊಟ್ಟೆಯ ಆಕಾರದಲ್ಲಿ ಕಂಡರೆ ಸಾಕು. ಹೂದಾನಿಗೆ ನೇರ, ಅದರ ಮಟ್ಟದಲ್ಲೇ. ಕಪ್ಪಿನ ಹಿಡಿ ಯಾವಾಗಲೂ ಒಂದೇ ಕಡೆ, ನಾನು ಗಡಿಯಾರದ 4 ಗಂಟೆ ಕಡೆಗೆ ಇಡುತ್ತೇನೆ. ಪೂರ್ತಿ ಬದಿಗೆ ತಿರುಗಿಸಿದರೆ ಹಿಡಿ ಕಿವಿಯ ಹಾಗೆ ಕಾಣುತ್ತದೆ.

ಕಿಟಕಿಪಕ್ಕ ಅವರೇ, ಕೈ ಇಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಕಿಟಕಿ ಮೋಡ ಬಂದರೆ ಮಾತು ತಪ್ಪುತ್ತದೆ. 46 ಸಾಮಾನಿನಲ್ಲಿ 20ಕ್ಕೆ ಬೆಳಗಿನ ಬೆಳಕು, 26ಕ್ಕೆ ಮೋಡದ ಬೆಳಕು ಆದರೆ ಒಂದೇ ಅಂಗಡಿಯ ಸಾಮಾನು ಅಂತ ಯಾರೂ ನಂಬುವುದಿಲ್ಲ.

ಬೂದುಕಾರ್ಡು

ತಡವಾಗಿ ಬಂದೆ. ನಾನು ಬೇರೆಯವರು ತೆಗೆದ ಫೋಟೊಗಳನ್ನು ಕೂತು ತಿದ್ದುವವಳು, ಹಾಗಾಗಿ ಇವರಿಬ್ಬರ ಜಗಳದ ಕಸ ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ. 🙂

ತಿಗರಿ ಅವರೇ, ನಿಮ್ಮ ಹಸಿರು-ನೀಲಿ ಬೂದಾಗಿದ್ದು ಕಪ್ಪು ಹಿನ್ನೆಲೆಯ ತಪ್ಪೇ ಅಂತ ಹೇಳಲಾಗದು. ತಿದ್ದುವಾಗ ಮೂಡ್‌ಗೆ ಅಂತ ಬಣ್ಣ ಇಳಿಸಿರುತ್ತಾರೆ, ಅಥವಾ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಯಾವುದಿದ್ದರೂ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಲೆಕ್ಕ) ಅನ್ನು ಆಟೋದಲ್ಲಿ ಬಿಟ್ಟಿರುತ್ತಾರೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಪ್ರತಿ ಫೋಟೊಗೂ ಬೇರೆ ಬೇರೆ ಊಹೆ ಮಾಡುತ್ತದೆ. ಚೌಕಟ್ಟಿನ ತುಂಬ ನೀಲಿ ಬಟ್ಟಲು ಇದ್ದರೆ, ಓಹೋ ಬೆಳಕೇ ನೀಲಿ ಅಂದುಕೊಂಡು ನೀಲಿಯನ್ನು ಕಡಿಮೆ ಮಾಡಿಬಿಡುತ್ತದೆ! ಒಂದು ಬೂದು ಕಾರ್ಡು (ಬೇರೆ ಯಾವ ಛಾಯೆಯೂ ಇಲ್ಲದ ಬೂದು ಬಣ್ಣದ ರಟ್ಟು) ಕೊಳ್ಳಿ. ಬೆಳಕು ಜೋಡಿಸಿದ ಮೇಲೆ, ಬಟ್ಟಲು ಇಡುವ ಜಾಗದಲ್ಲಿ ಕಾರ್ಡು ಹಿಡಿದು ಒಂದು ಫೋಟೊ. ಆಮೇಲೆ ಎಲ್ಲವನ್ನೂ ರಾ ಫೈಲಿನಲ್ಲಿ (ಕ್ಯಾಮೆರಾ ತಾನೇ ತಿದ್ದದೆ ಹಾಗೇ ಉಳಿಸುವ ಫೈಲು) ತೆಗೆಯಿರಿ. ತಿದ್ದುವಾಗ ಆ ಕಾರ್ಡಿನ ಮೇಲೆ ಒಂದು ಕ್ಲಿಕ್, ಅದೇ ಲೆಕ್ಕ ಉಳಿದ ಎಲ್ಲಕ್ಕೂ. ಹಗಲು ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ), ಮನೆಯ ಹಳದಿ ಬಲ್ಬು 2700ರಿಂದ 3000, ಎರಡೂ ಬೆರೆತರೆ ಬೂದು ಕಾರ್ಡೂ ಕೈಚೆಲ್ಲುತ್ತದೆ. ಎಲ್ಇಡಿ ದೀಪ ಕೊಳ್ಳುವುದಾದರೆ ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, ಹೆಚ್ಚೆಂದರೆ 100) 95ಕ್ಕಿಂತ ಮೇಲಿರುವುದನ್ನೇ ನೋಡಿ, ಇಲ್ಲದಿದ್ದರೆ ಕೆಲವು ಬಣ್ಣಗಳು ಏನು ಮಾಡಿದರೂ ಸರಿ ಬರುವುದಿಲ್ಲ. ವೆಬ್‌ಗೆ ಕೊಡುವ ಫೈಲು ಎಸ್‌ಆರ್‌ಜಿಬಿ (ವೆಬ್ ಮತ್ತು ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಬಗೆ) ಆಗಿರಲಿ. ಅಡೋಬಿ ಆರ್‌ಜಿಬಿಯಲ್ಲಿ (ಅದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಇನ್ನೊಂದು ಬಗೆ) ಉಳಿಸಿ ಹಾಕಿದರೆ ಕೆಲವು ಕಡೆ ಬಣ್ಣ ಸಪ್ಪೆಯಾಗಿ ಕಾಣುತ್ತದೆ, ನಿಮಗೆ ಆಗಿದ್ದೂ ಇದೇ ಇರಬಹುದು, ಹಳೆ ಫೈಲು ತೆರೆದು ನೋಡಿ.

ಎಲ್ಲ ಸರಿ ಮಾಡಿದರೂ ಗಿರಾಕಿಯ ಫೋನಿನ ಪರದೆ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಬಣ್ಣವನ್ನು ಮಾತಿನಲ್ಲೂ ಬರೆಯಿರಿ. "ಹಸಿರಿಗಿಂತ ನೀಲಿ ಜಾಸ್ತಿ, ಅಂಚಿನಲ್ಲಿ ಕಂದು" ಅಂತ ಬರೆದರೆ ಸಾಕು. ಸಮುದ್ರದ ಕನಸು, ಮುಂಜಾನೆಯ ಮಂಜು ಅಂತೆಲ್ಲ ಹೆಸರಿಟ್ಟು ಸುಮ್ಮನಾಗಬೇಡಿ.

ಈಗ ಸ್ಟೈಲ್ ವಿಷಯ. ನೀವು ಇಬ್ಬರ ನಡುವೆ ಒಬ್ಬರನ್ನು ಆರಿಸಬೇಕು ಅಂದುಕೊಂಡಿದ್ದೀರಿ. ಬೇಕಿಲ್ಲ. ಫೋಟೊಗಳಿಗೆ ಬೇರೆ ಬೇರೆ ಕೆಲಸ ಹಚ್ಚಿ. ಹತ್ತಾರು ಸಾಮಾನು ಸಾಲಾಗಿ ಕಾಣುವ ಪುಟದಲ್ಲಿ ಬಿಳಿಯೇ ಇರಲಿ, ಅಲ್ಲಿ ಕಣ್ಣು ಆಕಾರ ಮತ್ತು ಬಣ್ಣ ಹೋಲಿಸುತ್ತದೆ, ಒಂದೊಂದರ ಹಿಂದೆ ಒಂದೊಂದು ಹಲಗೆ ಇದ್ದರೆ ಸಂತೆ ಆಗುತ್ತದೆ. ಒಳಗೆ ಹೋದ ಮೇಲೆ ಕೈ, ಮೇಜು, ತಳ, ಒಳಭಾಗ. ನಿಮ್ಮ ಕಪ್ಪು ಹಿನ್ನೆಲೆಯ 8 ಫೋಟೊ ಎಸೆಯಬೇಡಿ, ಅವು ವೆಬ್‌ಸೈಟಿನ ಮೊದಲ ಪುಟಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅಲ್ಲಿ ಯಾರೂ ಅಳತೆ ನೋಡುವುದಿಲ್ಲ.

ನಿಜವಾದ ಖರ್ಚು ಇರುವುದು ಎರಡು ತಿಂಗಳಿಗೊಮ್ಮೆ ಸೇರುವ ಹೊಸ ಸಾಮಾನಿನಲ್ಲಿ. ಹಾಗಾಗಿ ಒಂದು ಸ್ಟೈಲ್ ಒಪ್ಪುವ ಮೊದಲು ನನ್ನದು ಒಂದೇ ಪ್ರಶ್ನೆ: ಆರು ತಿಂಗಳು ಬಿಟ್ಟು ಒಂದೇ ಒಂದು ಕಪ್ಪಿಗೋಸ್ಕರ ಇದನ್ನೇ ಮತ್ತೆ ತೆಗೆಯಬಲ್ಲಿರಾ? ಆ ಹಳೆ ಹಲಗೆ ನಿಮ್ಮ ಹತ್ತಿರ ಇದೆಯಾ, ತೆಗೆದವರ ಹತ್ತಿರವಾ? ನೀವೇ ತೆಗೆಯುವುದಾದರೆ ಟ್ರೈಪಾಡಿನ ಮೂರು ಕಾಲು, ದೀಪದ ಕಾಲು, ಮೇಜಿನ ಕಾಲು ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಎತ್ತರ ಅಳೆದು ಬರೆದಿಡಿ, ಫೋನಿನಲ್ಲಿ ಇಡೀ ಜೋಡಣೆಯ ಒಂದು ಫೋಟೊ ಇಟ್ಟುಕೊಳ್ಳಿ. ಬೇರೆಯವರಿಂದ ತೆಗೆಸುವುದಾದರೆ ಪೂರ್ತಿ ಅಳತೆಯ ಫೈಲು ಸಿಗುತ್ತದಾ, ಎಲ್ಲೆಲ್ಲಿ ಬಳಸಬಹುದು, ಜಾಹೀರಾತಿಗೂ ಆಗುತ್ತದಾ, ಎಷ್ಟು ಕಾಲ ಅನ್ನುವುದನ್ನೆಲ್ಲ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ನಮ್ಮದು ಅಂದುಕೊಂಡು ಆಮೇಲೆ ಪೇಚಾಡಿದವರನ್ನು ನೋಡಿದ್ದೇನೆ.

ಕಿಟಕಿಪಕ್ಕ

ಟೇಪ್ ಐಡಿಯಾ ಕದ್ದೆ. ಹಳೇಸ್ಟುಡಿಯೊ ಸರ್, ಮೋಡದ ಮಾತು ಒಪ್ಪಿದೆ, ಅದಕ್ಕೇ ನಾನು ಒಂದು ಸಾಲಿನ ಸಾಮಾನನ್ನು ಒಂದೇ ಬೆಳಿಗ್ಗೆ ಮುಗಿಸುತ್ತೇನೆ, ಉಳಿದರೆ ಮರುದಿನ ಅದೇ ಹೊತ್ತಿಗೆ. ನನ್ನ ಬ್ಯಾಗು ಒಟ್ಟು 14, ಆದ್ದರಿಂದ ಸಾಗುತ್ತದೆ. 46ಕ್ಕೆ ದೀಪವೇ ಸರಿ.

ತಿಗರಿ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಬೂದುಕಾರ್ಡು ಮೇಡಂ, ಹಳೆ ಫೈಲು ತೆರೆದು ನೋಡಿದೆ. ಎಂಟೂ ಅಡೋಬಿ ಆರ್‌ಜಿಬಿ. ಎಸ್‌ಆರ್‌ಜಿಬಿಗೆ ಬದಲಾಯಿಸಿ ಪಕ್ಕದಲ್ಲಿ ಇಟ್ಟರೆ ಗ್ಲೇಜಿಗೆ ಅರ್ಧ ಜೀವ ಬಂತು. ಇನ್ನರ್ಧ ತಿದ್ದುವಾಗಲೇ ಹೋಗಿದೆ ಅನ್ನಿಸುತ್ತದೆ. ಆರು ತಿಂಗಳು ಆ ಫೋಟೊಗ್ರಾಫರ್‌ಗೆ ಮನಸ್ಸಿನಲ್ಲೇ ಬೈದಿದ್ದೆ, ಸ್ವಲ್ಪ ವಾಪಸ್ ತೆಗೆದುಕೊಂಡೆ.

ಆರು ಸಾಮಾನು ಆರಿಸಿ ಪರೀಕ್ಷೆ ಮಾಡಿದೆವು. ಒಂದೊಂದನ್ನೂ ಬಿಳಿಯಲ್ಲಿ, ಮೇಜಿನ ಮೇಲೆ, ಕೈಯಲ್ಲಿ, ಹೀಗೆ ಮೂರು ಥರ. ಒಂದೇ ದೀಪ, ಮುಂದೆ ಡಿಫ್ಯೂಸರ್ ಬಟ್ಟೆ, ಬಿಳಿಗೆ ಮಾತ್ರ ಹಿಂದೆ ಎರಡನೇ ದೀಪ. ಆಮೇಲೆ ನಮ್ಮ ಸಾಮಾನನ್ನು ಯಾವತ್ತೂ ನೋಡಿರದ ಏಳು ಜನರಿಗೆ ಫೋನಿನಲ್ಲಿ ತೋರಿಸಿದೆವು. ಚೆನ್ನಾಗಿದೆಯಾ ಅಂತ ಕೇಳಲೇ ಇಲ್ಲ, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಇದು ಎಷ್ಟು ಎತ್ತರ ಇರಬಹುದು, ಕೈಯಲ್ಲಿ ತೋರಿಸಿ ಅಂದೆವು. ಬಿಳಿ ಹಿನ್ನೆಲೆಯ ಹೂದಾನಿ ನೋಡಿ ಒಬ್ಬರು ಮೊಣಕೈವರೆಗೆ ಅಳತೆ ತೋರಿಸಿದರು! ಅದು 9 ಸೆಂಟಿಮೀಟರ್. ಅದೇ ಹೂದಾನಿ ಅಕ್ಕನ ಅಂಗೈಯಲ್ಲಿ ಇರುವ ಫೋಟೊಗೆ ಎಲ್ಲರೂ ಹೆಚ್ಚುಕಡಿಮೆ ಸರಿಯಾಗಿ ತೋರಿಸಿದರು. ಬಣ್ಣಕ್ಕೆ ಉಲ್ಟಾ ಆಯಿತು. ಮೇಜಿನ ಮೇಲಿನ ಫೋಟೊದಲ್ಲಿ ಮರದ ಕಂದು ಬಣ್ಣ ಬಟ್ಟಲಿನ ಹೊಟ್ಟೆಯ ಮೇಲೆ ಬಿದ್ದು ಹಸಿರು ಕೊಳೆಯಾದ ಹಾಗೆ ಕಂಡಿತು, ಬಿಳಿಯಲ್ಲಿ ಎಲ್ಲರೂ ಬಣ್ಣವನ್ನು ಸರಿಯಾಗಿ ಹೇಳಿದರು. ಅಂದರೆ ಅಕ್ಕನೂ ಗೆದ್ದಳು, ನಾನೂ ಗೆದ್ದೆ. ಮೇಜಿಗೆ ಈಗ ಮರ ಬಿಟ್ಟು ತಿಳಿ ಬೂದು ಬಣ್ಣದ ಬಟ್ಟೆ ಹಾಸುತ್ತಿದ್ದೇವೆ.

ಕಪ್ಪು ರಟ್ಟು ಮಾತ್ರ ಜಾದೂ. ಬಿಳಿ ಬಟ್ಟಲಿನ ಬದಿಗೆ ತಂದ ಕೂಡಲೇ ಅಂಚು ಗೆರೆ ಎಳೆದ ಹಾಗೆ ಬಂತು, ಅಕ್ಕ ಕೂಗಿಕೊಂಡಳು. ಗ್ಲೇಜಿನ ಮೇಲೆ ನನ್ನ ಕೆಂಪು ಅಂಗಿ ಕಾಣುತ್ತಿತ್ತು, ಈಗ ಫೋಟೊ ದಿನಕ್ಕೆ ಅಂತ ಒಂದು ಕಪ್ಪು ಅಂಗಿ ತೆಗೆದಿಟ್ಟಿದ್ದೇನೆ.

ಒಂದು ಸಾಮಾನು ಮಾತ್ರ ಸೋಲಿಸಿತು. ಗ್ಲೇಜಿನ ಒಳಗೆ ಸಣ್ಣ ಸಣ್ಣ ಬಿರುಕಿನ ಬಲೆ ಇರುವ ಬಟ್ಟಲು, ನಾವು ಬೇಕಂತಲೇ ತರಿಸುವುದು ಅದು. ಹತ್ತಿರದಿಂದ ತೆಗೆದರೆ ಬಟ್ಟಲು ಒಡೆದಿದೆ ಅಂತ ಏಳರಲ್ಲಿ ಐದು ಜನ ಅಂದರು.

ಹಳೇಸ್ಟುಡಿಯೊ

ದೀಪ ಬದಿಯಲ್ಲಿ, ಬಟ್ಟಲಿನ ಮಟ್ಟಕ್ಕೇ ಇಟ್ಟಿದ್ದಿರಿ, ಅಲ್ವಾ? ಸವರಿಕೊಂಡು ಹೋಗುವ ಬೆಳಕಿನಲ್ಲಿ ಗೀರೂ ಕಾಲುವೆಯ ಹಾಗೆ ಕಾಣುತ್ತದೆ. ಅದೊಂದಕ್ಕೆ ದೀಪವನ್ನು ಮೇಲಕ್ಕೆ ಎತ್ತಿ, ಕ್ಯಾಮೆರಾ ಕಡೆಗೆ ತನ್ನಿ, ಬಟ್ಟೆಯ ಹಿಂದಿನಿಂದಲೇ ಬರಲಿ. ಗೆರೆ ಉಳಿಯುತ್ತದೆ, ಆಳ ಹೋಗುತ್ತದೆ. ಮತ್ತೆ ಮೊದಲ ಫೋಟೊವನ್ನೇ ಅಷ್ಟು ಹತ್ತಿರದಿಂದ ತೋರಿಸಬೇಡಿ. ಇಡೀ ಬಟ್ಟಲು ಮೊದಲು, ಬಲೆ ಮೂರನೆಯದು.

ಬೂದುಕಾರ್ಡು

ಆ ಮೂರನೇ ಫೋಟೊದಲ್ಲಿ ಬಟ್ಟಲಿಗೆ ನೀರು ತುಂಬಿಸಿ ತೆಗೆಯಿರಿ. ಸೋರದೆ ನಿಂತ ನೀರು ಕಂಡರೆ ಒಡೆದಿದೆ ಅಂತ ಯಾರು ಹೇಳುತ್ತಾರೆ?

ತಿಗರಿ

ಅಯ್ಯೋ, ಇದು ಹೊಳೆಯಲೇ ಇಲ್ಲ. ನಾಳೆ ಬೆಳಿಗ್ಗೆ ಆ ಬಟ್ಟಲಿನಿಂದಲೇ ಶುರು. ಅಕ್ಕ ಈಗ ನೆಲಕ್ಕೆ ಟೇಪ್ ಅಂಟಿಸುತ್ತಿದ್ದಾಳೆ, ಮೂರು ಕಾಲಿಗೆ ಮೂರು ಬಣ್ಣ.